ಏಳು ವಿದ್ಯೆಗೆ ನಾಲ್ಕೇ ಮಂದಿ

ಅವಮಾನ ನುಂಗಿಕೊಂಡು ಬದುಕುವವರು ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ. ಅದಕ್ಕಾಗಿ ಸಂಬಳ ಪಡೆಯುವವರು ಮಾತ್ರ ಆರ್ಟ್ಸ್ ಕಾಲೇಜಿನ ಅಧ್ಯಾಪಕರು. ಜಮಖಂಡಿಯಲ್ಲಿ ಬಿ.ಎ. ಓದುವವರಿಗೆ ಇಂಗ್ಲಿಷ್ ಕಲಿಸುತ್ತೇನೆ ಎಂದರೆ ಸಾಕು, ಎದುರಿಗಿದ್ದವರು ಲೊಚಗುಟ್ಟುತ್ತಾರೆ. ಹಲ್ಲುನೋವು ಎಂದರೂ ಜನ ಅಷ್ಟು ಮರುಗುವುದಿಲ್ಲ. ಸೈನ್ಸ್ ಸಿಗದವರು ಕಾಮರ್ಸಿಗೆ, ಕಾಮರ್ಸ್ ಒಗ್ಗದವರು ಆರ್ಟ್ಸಿಗೆ, ಅಲ್ಲಿಯೂ ಬಸ್ಸು ತಪ್ಪಿದವರು ನನ್ನ ಐಚ್ಛಿಕ ಇಂಗ್ಲಿಷಿಗೆ ಎಂಬುದು ನಮ್ಮ ಕಡೆಯ ಹೊಸ ಜಾತಿಪದ್ಧತಿ.

ಹೀಗೆ ಲೊಚಗುಟ್ಟುವವರ ಅಜ್ಞಾನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಿಂದೆ ಯುರೋಪಿನಲ್ಲಿ ದೊಡ್ಡವರೆಲ್ಲ ಏಳು ವಿದ್ಯೆ ಕಲಿಯುತ್ತಿದ್ದರು. ಮೊದಲು ವ್ಯಾಕರಣ, ತರ್ಕ, ವಾಕ್ಚಾತುರ್ಯ. ಆಮೇಲೆ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಎಲ್ಲ ಸೇರಿ ಲಿಬರಲ್ ಆರ್ಟ್ಸ್, ಅಂದರೆ ಯಾರ ಆಳೂ ಅಲ್ಲದ ಸ್ವತಂತ್ರ ಮನುಷ್ಯನ ವಿದ್ಯೆ. ಈಗ ಸೈನ್ಸಿನವರು ಮೀಸೆ ತಿರುವುವ ಗಣಿತವೂ ಆಗ ನಮ್ಮ ಮನೆಯ ಕೂಸೇ. ಗ್ರಾಮರ್ ಎಂಬ ಪದ ಬಾಯಿಂದ ಬಾಯಿಗೆ ದಾಟಿ, ಮಾಟಮಂತ್ರದ ಅರ್ಥ ಪಡೆದು, ಕೊನೆಗೆ ಗ್ಲಾಮರ್ ಆಯಿತು. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಹುಡುಗಿಯರು ನನ್ನ ಮಾಸಿದ ಕಾಲರನ್ನೊಮ್ಮೆ ನೋಡಿ ನಕ್ಕಿದ್ದರು. ಮೊದಲ ಮೂರು ವಿದ್ಯೆಗಳಿಗೆ ಟ್ರಿವಿಯಂ ಎಂದು ಹೆಸರು. ಮೂರು ದಾರಿ ಕೂಡುವ ಜಾಗ ಎಂದರ್ಥ. ಅದರ ನೆಂಟ ಪದವೇ ಟ್ರಿವಿಯಲ್, ಅಂದರೆ ಕ್ಷುಲ್ಲಕ. ಈ ನೆಂಟಸ್ತನವನ್ನು ನಾನು ಸಾಮಾನ್ಯವಾಗಿ ಯಾರ ಮುಂದೆಯೂ ಬಾಯಿಬಿಡುವುದಿಲ್ಲ.

ಇಂಥ ಘನವಿದ್ಯೆಯನ್ನು ಬೇಸಿಗೆಯಲ್ಲಿ ಊರೂರು ತಿರುಗಿ ಮಾರಬೇಕು. ಖಾಸಗಿ ಕಾಲೇಜುಗಳ ಪದ್ಧತಿಯೇ ಹಾಗೆ. ಪಿ.ಯು.ಸಿ. ಫಲಿತಾಂಶ ಬಂತೆಂದರೆ ಅಧ್ಯಾಪಕರೆಲ್ಲ ಪಾಸಾದವರ ಪಟ್ಟಿ ಹಿಡಿದು, ಮೋಟಾರ್ ಸೈಕಲ್ ಹತ್ತಿ ಮನೆಮನೆಗೆ ಹೋಗಬೇಕು. ಆ ವರ್ಷ ಪ್ರಾಚಾರ್ಯರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಐದ ಮಂದಿ ಆಗ್ಲಿಲ್ಲಂದ್ರ ನಿಮ್ಮ ಐಚ್ಛಿಕ ಬಂದ್. ಆಮ್ಯಾಲ ನಿಮ್ಮನ್ನ ಎಲ್ಲಿ ಕುಂದ್ರಸೂದೋ ನನಗ ಗೊತ್ತಿಲ್ಲ." ಸಿಕ್ಕವರು ನಾಲ್ವರು. ಉಳಿದ ಒಂದೇ ಆಸೆ ಗಲಗಲಿಯ ರೈತ ಗಿರೆಪ್ಪನ ಮಗಳು ಮಹಾದೇವಿ. ಅಣೆಕಟ್ಟಿನ ಹಿನ್ನೀರಿಗೆ ಹೆದರಿ ದಿಣ್ಣೆಯ ಮೇಲೆ ಕಟ್ಟಿಸಿದ ಮನೆಯ ಕಟ್ಟೆಯ ಮೇಲೆ ಗಿರೆಪ್ಪ ಕೂತಿದ್ದ, ಬಾಗಿಲಲ್ಲಿ ಮಗಳು ನಿಂತಿದ್ದಳು. ಚಹಾ ಬರುವಷ್ಟರಲ್ಲಿ ನಾನು ಏಳೂ ವಿದ್ಯೆ ಮುಗಿಸಿದ್ದೆ. ಹುಮ್ಮಸ್ಸಿನಲ್ಲಿ ಟ್ರಿವಿಯಲ್ ಕೂಡ ಜಾರಿಬಿತ್ತು.

"ಅಂದ್ರ, ಕಲ್ತವರs ಅದನ್ನ ಕ್ಷುಲ್ಲಕ ಅಂದಾರ," ಎಂದ ಗಿರೆಪ್ಪ. "ನಾವು ಅಂದ್ರ ನಿಮಗ್ಯಾಕ್ರಿ ಸಿಟ್ಟು?"

ನಾನು ಚಹಾದ ಬಸಿ ಎತ್ತಿಕೊಂಡೆ. ಮಗಳೇ ನನ್ನ ನೆರವಿಗೆ ಬಂದಳು: "ಅಪ್ಪಾ, ಅಣ್ಣ ಸೈನ್ಸ್ ಕಲ್ತ ಏನ ಮಾಡ್ದಾ? ಹಂಗಾಮ ಪೂರಾ ಸಕ್ರಿ ಫ್ಯಾಕ್ಟರಿ ಮುಂದ ಕಬ್ಬಿನ ಟ್ರ್ಯಾಕ್ಟರ್ ಪಾಳಿ ಹಚ್ಕೊಂಡ ಕುಂತಿದ್ದ. ನಾ ಬಿ.ಎ. ಮಾಡಾಕಿನs."

ಗಿರೆಪ್ಪ ನನ್ನತ್ತ ತಿರುಗಿದ. "ಸರ್, ನಿಮಗೂ ಹೆಣ್ಣಮಕ್ಕಳ ಅದಾರೇನ್ರಿ?"

"ಒಬ್ಬಾಕಿ ಅದಾಳ. ಈ ವರ್ಷನs ಪಿ.ಯು.ಸಿ. ಪಾಸಾದ್ಲು."

"ಭಾಳ ಛಲೋ ಆತಲ್ರಿ! ಆಕಿ ಹೆಸರ ಮೊದಲ ಹಚ್ರಿ, ಅದರ ಕೆಳಗs ಇಕಿದೂ ಬರಕೋರಿ. ಜೋಡಿ ಆತು."

ಐದು ಬೇಕಿದ್ದಲ್ಲಿ ಆರು! ಆದರೆ ನನ್ನ ಮಗಳು ಬಿ.ಎ. ಮಾಡುತ್ತೇನೆಂದು ವಾರವಿಡೀ ಹಟ ಹಿಡಿದಾಗ, "ಹುಚ್ಚೀ, ಅದನ್ನ ಓದಿ ಯಾವ ಊರ ಕಸಾ ಹೊಡಿಯಾಕಿ?" ಎಂದು ಗದರಿಸಿ, ಬಾಗಲಕೋಟೆಯಲ್ಲಿ ಎಂಜಿನಿಯರಿಂಗಿಗೆ ಹೆಸರು ಹಚ್ಚಿ ಬಂದವನು ನಾನೇ. ಗಿರೆಪ್ಪನಿಗೆ ಏನು ಹೇಳಲಿ? ತರ್ಕವೂ ಇಲ್ಲ, ವಾಕ್ಚಾತುರ್ಯವೂ ಇಲ್ಲ. "ವಿಚಾರ ಮಾಡೂಣು" ಎಂದು ತೊದಲಿ ಎದ್ದೆ. ಮಹಾದೇವಿ ಗಾಡಿಯತನಕ ಬಂದಳು. "ಸರ್, ನಿಮ್ಮ ಮಗಳೂ ಬಿ.ಎ. ಅಂದಿದ್ಲೇನ್ರಿ?" ಎಂದು ಮೆಲ್ಲಗೆ ಕೇಳಿದಳು. "ಬಿಸಲ ಭಾಳ ಐತವಾ, ಒಳಗ ಹೋಗು" ಎಂದು ಕಿಕ್ ಹೊಡೆದೆ.

ನನ್ನ ಐಚ್ಛಿಕ ಆ ವರ್ಷವೇ ಬಂದಾಯಿತು. ಮಹಾದೇವಿಯನ್ನು ಗಿರೆಪ್ಪ ಯಾವ ಕಾಲೇಜಿಗೂ ಕಳಿಸಲಿಲ್ಲವೆಂದು ಆಮೇಲೆ ತಿಳಿಯಿತು. ಆ ದಿನದಿಂದ ಗಲಗಲಿಯ ದಾರಿ ಹಿಡಿದಿಲ್ಲ. ಈಗ ನನ್ನನ್ನು ಗ್ರಂಥಾಲಯದಲ್ಲಿ ಕೂರಿಸಿದ್ದಾರೆ. ಪುಸ್ತಕ ಒಯ್ಯಲು ಬಂದವರು ಮಗಳೇನು ಓದುತ್ತಿದ್ದಾಳೆಂದು ಕೇಳಿದರೆ ಎಂಜಿನಿಯರಿಂಗ್ ಎನ್ನುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.