ಬೀರುವಿನಡಿಯ ಬುದ್ಧಿ

ಹೆಂಡತಿ: ದಾಳ ಗೀಳ ಬೇಡ ಅಂದ್ರೆ ಬೇಡ. ಕೊಟ್ಟಿರೋ ಅಂಕಾನ ಅಳೆದು ಹಂಚ್ಕೊಳ್ಳಿ. ಇರೋ ಬಟ್ಟೇಲೇ ಅಂಗಿ ಹೊಲೀಬೇಕು.

ನಾನು: ನೀನು ಟೈಲರ್, ನಿನಗೆ ಎಲ್ಲಾ ಬಟ್ಟೆ ಥರಾನೇ ಕಾಣ್ಸತ್ತೆ. ವೀರ ಹುಟ್ಟೋದು ಹಣೆಬರಹದಿಂದ ಕಣೇ, ಕತ್ತರಿಯಿಂದಲ್ಲ!

ಜಗಳ ಕಾಗದದ ಮೇಲಿನ ಒಬ್ಬ ಮನುಷ್ಯನ ಬಗ್ಗೆ. ಮೇಲಿನ ಮನೆಯ ಹಲ್ಲಿನ ಡಾಕ್ಟರು ಭಾನುವಾರ ಮಧ್ಯಾಹ್ನ ನಮ್ಮ ಮನೆಗಿಳಿದು ಕಥೆ ಹೇಳಿ ಆಡಿಸುವ ಆಟಕ್ಕೆ ತಲೆಗೊಬ್ಬ ವೀರ ಬೇಕು. ವೀರನಿಗೆ ಆರು ಗುಣ. ಗುಣಕ್ಕೆ ಮೂರು ದಾಳದಂತೆ ಎಸೆದು ಬಂದಷ್ಟು ಬರೆದುಕೊಳ್ಳಬಹುದು; ಇಲ್ಲವೇ ಎಲ್ಲರಿಗೂ ಒಂದೇ ಸಮ ಕೊಟ್ಟ ಅಂಕಗಳನ್ನು ಬೇಕಾದ ಹಾಗೆ ಹಂಚಿಕೊಳ್ಳಬಹುದು. ನನ್ನ ಹಿಂದಿನ ವೀರ ಹೋದ ವಾರ ಬಾವಿಯೊಳಗೆ ಏನಿದೆ ಅಂತ ಇಣುಕಿ ಸತ್ತಿದ್ದ. ಈ ಸಲ ನನಗೆ ಮಂತ್ರವಾದಿಯೇ ಬೇಕು. ಅದಕ್ಕೆ ಬುದ್ಧಿ ಹದಿನಾಲ್ಕಾದರೂ ಇರಬೇಕು.

ಹೆಂಡತಿ: ನನ್ನ ಯೋಧೆ ನೋಡಿ. ತೋಳಿಗೆ ಬೇಕಾದಷ್ಟು ಬಲ, ಬಾಯಿಗೆ ಬೇಕಾದಷ್ಟೇ ಮಾತು.

ನಾನು: ಅದಕ್ಕೇ ಅವಳು ನಿನ್ನ ಥರ ಇಲ್ಲ.

ಡಾಕ್ಟರು: ಎರಡೂ ನಿಯಮದಲ್ಲಿದೆ ಸಾರ್. ಆದ್ರೆ ದಾಳ ಹಾಕಿದ್ರೆ ಬಂದಿದ್ದೇ ಬಂತು. ಕಿತ್ತ ಹಲ್ಲು ಮತ್ತೆ ಕೂರಲ್ಲ.

ಎಸೆದೆ. ಬಲ ಐದು. ಚುರುಕು ಆರು. ತಾಳ್ಮೆ ಏಳು.

ಹೆಂಡತಿ: ಪಾಪ, ನಿಮ್ಮ ಮಂತ್ರವಾದಿನ ಯಾರಾದ್ರೂ ಎತ್ಕೊಂಡೇ ತಿರುಗ್ಬೇಕು.

ವಿವೇಕ ಆರು. ರೂಪ ನಾಲ್ಕು.

ಹೆಂಡತಿ: ಡಾಕ್ಟ್ರೇ, ಈ ದಾಳ ಇವರನ್ನ ಮೊದಲೇ ನೋಡಿದೆ.

ಉಳಿದದ್ದು ಬುದ್ಧಿ. ಕಣ್ಣು ಮುಚ್ಚಿ, ಕೈಯೊಳಗೆ ಉಫ್ ಅಂತ ಊದಿ ಎಸೆದೆ. ಮೇಜಿನ ಮೇಲೆ ಒಂದು ಆರು, ಒಂದು ಐದು! ಮೂರನೆಯದು ಟಣ್ಣನೆ ಹಾರಿ ಬೀರುವಿನ ಕೆಳಗೆ ನುಗ್ಗಿತು.

ಡಾಕ್ಟರು: ಮುಟ್ಟಬೇಡಿ! ಬಿದ್ದಲ್ಲೇ ಓದ್ಬೇಕು.

ನಾನು ನೆಲದ ಮೇಲೆ ಬೋರಲು ಮಲಗಿದೆ. ಹೊಟ್ಟೆ ತಲುಪಿತು, ಕಣ್ಣು ಇನ್ನೂ ಒಂದಡಿ ಮೇಲೆಯೇ ಇತ್ತು. ಡಾಕ್ಟರಿಗೆ ಊರವರ ಬಾಯಿಗೆ ಬಗ್ಗಿ ಬಗ್ಗಿ ಕತ್ತು ಹಿಡಿದಿದೆ. ಹೆಂಡತಿಯೇ ಟಾರ್ಚ್ ಹಿಡಿದು ತೂರಿದಳು.

ನಾನು: ಎಷ್ಟಿದೆ? ಮೂರು ಬಂದ್ರೂ ಸಾಕು!

ಹೆಂಡತಿ: ಅಯ್ಯೋ, ನನ್ನ ಮಿಷಿನ್ ಬಾಬಿನ್! ಮೂರು ತಿಂಗಳಿಂದ ಹುಡುಕ್ತಿದ್ದೆ.

ನಾನು: ಬಾಬಿನ್ ಮನೆ ಹಾಳಾಗ! ಚುಕ್ಕಿ ಎಷ್ಟು?

ಹೆಂಡತಿ: ನಿಮ್ಮ ಕಾಲುಚೀಲಾನೂ ಇದೆ. ನಾನೇ ಕಳೆದೆ ಅಂತ ವಾರವಿಡೀ ಕುಣಿದ್ರಲ್ಲ, ಅದೇ.

ನಾನು: ತಪ್ಪಾಯ್ತು. ಚುಕ್ಕಿ?

ಹೆಂಡತಿ: ಧೂಳು ಜಾಸ್ತಿ. ಸರಿಯಾಗಿ ಕೇಳಿಸ್ಲಿಲ್ಲ.

ನಾನು: ತಪ್ಪಾಯ್ತು ತಾಯೀ!

ಬೀರುವಿನ ಕೆಳಗಿನಿಂದ ಟಾರ್ಚಿನ ಬೆಳಕು ಒಮ್ಮೆ ನನ್ನ ಮುಖಕ್ಕೆ ಬಂದು, ದಾಳದ ಕಡೆಗೆ ಮರಳಿತು.

ಹೆಂಡತಿ: ಆರು.

ಹದಿನೇಳು! ನಾನು ಕುಣಿದ ರಭಸಕ್ಕೆ ಹೊಲಿಗೆ ಯಂತ್ರವೇ ಒಂದು ಹೊಲಿಗೆ ಹಾಕಿತು. ಸಂಜೆಯವರೆಗೆ ನನ್ನ ಮಂತ್ರವಾದಿ ಒಂದು ದೆವ್ವಕ್ಕೆ ಬುದ್ಧಿ ಹೇಳಿದ, ಇನ್ನೊಂದಕ್ಕೆ ಬುದ್ಧಿ ಕಲಿಸಿದ.

ಡಾಕ್ಟರು ಮೆಟ್ಟಿಲು ಹತ್ತಿದ ಮೇಲೆ ಇನ್ನೂ ಅಲ್ಲೇ ಬಿದ್ದಿದ್ದ ಆ ಪುಣ್ಯದ ದಾಳದ ದರ್ಶನ ಮಾಡೋಣವೆಂದು ಬೀರುವನ್ನು ಮೆಲ್ಲಗೆ ಸರಿಸಿದೆ. ಧೂಳಿನ ಮಧ್ಯೆ ಅದು ಕೂತಿತ್ತು, ಒಂದೇ ಚುಕ್ಕಿಯ ಒಕ್ಕಣ್ಣು ಬಿಟ್ಟುಕೊಂಡು.

ನಾನು: ಲೇ! ಆರು ಅಂದ್ಯಲ್ಲೇ, ಇಲ್ಲಿರೋದು ಒಂದು!

ಹೆಂಡತಿ ಬಾಬಿನ್ನಿಗೆ ದಾರ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

ಹೆಂಡತಿ: ಆ ಒಂದು ನಿಮ್ಮ ಹಣೆಬರಹ ಕಣ್ರೀ. ಮಿಕ್ಕ ಐದು ನಾನು ಹಾಕಿದ ತೇಪೆ.