ಗೌಡ್ರ ಎದಿ, ರಕ್ತದ ಬಿಲ್ಲೆ, ಮಾತಾಡ್ಸಾಕ ಬಂದ ಮಂದಿ

ದವಾಖಾನಿ ನೌಕರಿ ಮಾಡಿದವ ನಗಿ ಹುಡಕ್ಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ ನೋಡ್ರಿ. ಅದೇ ಮುಂಜಾನೆದ್ದು ಬಾಟ್ಲಿ ಹಿಡಕೊಂಡು ಪಾಳಿಗೆ ಬಂದು ನಿಂತಿರ್ತದ. ನಿಜಾಮರ ರಾಜ್ಯದಾಗ, ಆಳಂದ ಸೀಮ್ಯಾಗ ನಾ ಕಂಪೌಂಡರ್ ಆಗಿದ್ದೆ. ಎಷ್ಟೋ ಊರು ತಿರುಗೇನಿ, ಎಷ್ಟೋ ಮಂದಿಗೆ ಕಹಿ ಔಷಧ ಕುಡಿಸೇನಿ. ಆದ್ರ ಈಗ ಮಧ್ಯಾಹ್ನ ಸುಮ್ನ ಕಣ್ಣು ಮುಚ್ಚಿದ್ರ ಬರೋದು ಒಂದೇ ಮನಿ, ಒಂದೇ ಮಂಚ, ನಲವತ್ತೆರಡು ದಿನ. ಅದು ಖರೇನೋ ಕನಸೋ ಅಂತ ನನ್ನ ನಾನೇ ಕೇಳ್ಕೋತೇನಿ.

ಮಾದನಹಿಪ್ಪರಗಾದ ಆಚಿಕಿನ ಒಂದು ಹಳ್ಳಿ ಗೌಡ್ರು. ಬಾಳ ಸಿಟ್ಟಿನ ಮನುಷ್ಯಾ. ಅವರು ಕೆಮ್ಮಿದ್ರ ಊರ ಅಗಸಿ ಬಾಗಲಾಗ ಮಲಗಿದ ನಾಯಿ ಎದ್ದು ಹೋಗ್ತಿತ್ತು. ಒಂದಿನ ತೊಗರಿ ಹೊಲದಾಗ ನಿಂತಲ್ಲೇ ಎದಿ ಹಿಡಕೊಂಡು, ಮೈಯೆಲ್ಲಾ ಬೆವತು ಕುಸದ್ರು. ನಮ್ಮ ಡಾಕ್ಟರ್ ಸಾಹೇಬರು ಬಂದು ಸೂಜಿ ಚುಚ್ಚಿ, ನಾಡಿ ಹಿಡದು ನೋಡಿದ್ರು. ಆಮ್ಯಾಲ ಅಂದ್ರು: "ಎದಿಗೆ ಹೋಗೋ ರಕ್ತದ ದಾರಿ ಒಂದು ಮುಚ್ಚ್ಯಾದ. ನಲವತ್ತೆರಡು ದಿನ ಅಂಗಾತ ಮಲಗಬೇಕು. ಏಳಬಾರ್ದು, ಸಿಟ್ಟಾಗಬಾರ್ದು, ಗಾಬ್ರಿಯಂತೂ ಆಗಲೇಬಾರ್ದು. ಎದಿಗೆ ಧಕ್ಕಿ ಬಿತ್ತಂದ್ರ ಮುಗೀತು."

ಅಷ್ಟು ಹೇಳಿ ನನ್ನ ಕಡಿ ತಿರುಗಿ, "ಕಂಪೌಂಡರ್ ಮಿಯಾ, ನೀವು ಇಲ್ಲೇ ಇರ್ರಿ. ಈ ಜೀವ ನಿಮ್ಮ ಕೈಯಾಗ ಅದ," ಅಂದ್ರು. ನನ್ನ ಎದೀನೇ ಅವತ್ತು ಒಂದು ಬಡತ ತಪ್ಪಿತು.

ಬಿಲ್ಲೆ

ನಮ್ಮ ಸಾಹೇಬರು ಹೈದರಾಬಾದ್ ಕಡಿಯವರು, ಯಾವ ಜಾತಿಯವರಿದ್ರೂ ಮಿಯಾ ಅಂತಲೇ ಕರೀತಿದ್ರು. ಸಣ್ಣದನ್ನ ದೊಡ್ಡದು ಮಾಡಿ ತೋರ್ಸೋ ದುರ್ಬೀನು ಒಂದಿತ್ತು ಅವರ ಹತ್ರ. ಅದರಾಗ ಕಣ್ಣಿಟ್ರಂದ್ರ ಚಹಾ ಆರಿ ತಣ್ಣಗಾದ್ರೂ ಈ ಲೋಕಕ್ಕ ಬರ್ತಿರಲಿಲ್ಲ. ಮರುವಾರ ಅದನ್ನ ಬಂಡ್ಯಾಗ ಹಾಸಿಗಿ ಹಾಸಿ, ಕೂಸಿನ್ಹಂಗ ಮಲಗಿಸ್ಕೊಂಡು ಬಂದ್ರು. ಗೌಡ್ರ ಬೆರಳು ಚುಚ್ಚಿ, ಒಂದು ಹನಿ ರಕ್ತ ಗಾಜಿನ ಮ್ಯಾಲ ಹಚ್ಚಿ, ಬೆಳಕಿಂಡಿ ಕೆಳಗಿಟ್ಟು, ಗೌಡ್ರ ಹೆಂಡ್ತಿ ಗೌಡಸಾನಿಗೆ "ನೋಡ್ರಿ ಅಮ್ಮಾ," ಅಂದ್ರು.

ಸಾಹೇಬರೇ ತಿಳಿಸಿ ಹೇಳಿದ್ರು: "ಕೆಂಪಗ ದೊಡ್ಡವು ಕಾಣ್ತಾವಲ್ಲ, ಅವನ್ನ ಬಿಡ್ರಿ. ನಡುನಡುವ ಧೂಳಿನಂಗ ಸಣ್ಣ ಸಣ್ಣ ಬಿಲ್ಲೆ ಅವ ನೋಡ್ರಿ. ಅವು ಬಾಳ ಒಳ್ಳೇವು. ಮೈಯಾಗ ಎಲ್ಲಿ ಗಾಯ ಆದ್ರೂ ಮೊದಲು ಓಡಿ ಬಂದು, ಒಂದಕ್ಕೊಂದು ಮೆತ್ಕೊಂಡು, ರಕ್ತ ನಿಲ್ಲಸ್ತಾವ. ಆದ್ರ ಒಮ್ಮೊಮ್ಮಿ ಎದಿ ನಾಳದೊಳಗ ಸಣ್ಣದೇನೋ ಕೆರದದ್ದು ಕಂಡು, ಗಾಯ ಆಗ್ಯಾದ ಅಂತ ತಿಳದು, ಎಲ್ಲಾ ಅಲ್ಲೇ ಬಂದು ಗುಂಪು ಕೂಡ್ತಾವ. ದಾರೀನೇ ಬಂದ್. ಗೌಡ್ರಿಗೆ ಆಗಿದ್ದು ಅದೇ."

ಗೌಡಸಾನಿ ಬಾಳ ಹೊತ್ತು ನೋಡಿದ್ರು. ಆಮ್ಯಾಲ ತಲಿ ಎತ್ತಿ ಪಡಸಾಲಿ ಕಡಿ ನೋಡಿದ್ರು. ಗೌಡ್ರನ್ನ ಮಾತಾಡ್ಸಾಕ ಅಂತ ಬಂದ ಬೀಗರು, ಅಣ್ಣತಮ್ಮರು, ಅವರ ಮನಿ ಅಳಿಯಂದ್ರು, ಬಾಗಲಾಗ ಕಾಲಿಡಾಕ ಜಾಗ ಇಲ್ಲದಂಗ ಕುಂತಿದ್ರು. ಗೌಡ್ರಿಗೆ ಗಂಜಿ ತಂದಾಕಿ ಗಂಗಾಳ ಹಿಡಕೊಂಡು ಹೊರಗೇ ನಿಂತಿದ್ಳು.

"ಸಾಹೇಬ್ರ," ಅಂದ್ರು ಗೌಡಸಾನಿ, "ಇದಕ್ಕ ದುರ್ಬೀನು ಯಾಕ ಹೊತ್ಕೊಂಡು ಬಂದ್ರಿ? ನಮ್ಮ ಪಡಸಾಲ್ಯಾಗ ಬರಿಗಣ್ಣಿಗೇ ಕಾಣ್ತಾವ."

ಏಳು ಮೊಹರು

ರಕ್ತ ಎಷ್ಟು ಹೊತ್ತಿಗೆ ನಿಲ್ತದ ಅಂತ ನೋಡೋ ಒಂದು ಪರೀಕ್ಷೆ ಇತ್ತು. ಕಿವಿಯ ಹಾಲಿ ಸಣ್ಣಗ ಚುಚ್ಚೋದು, ಅರ್ಧ ಅರ್ಧ ನಿಮಿಷಕ್ಕ ಮಸಿ ಹೀರೋ ಕಾಗದ ಮುಟ್ಟಸೋದು. ಕಾಗದದ ಮ್ಯಾಲ ಸಾಲಾಗಿ ಕೆಂಪು ಚುಕ್ಕಿ ಬೀಳ್ತಾವ. ಮೊದಲಿಂದು ದೊಡ್ಡದು, ಆಮ್ಯಾಲ ಸಣ್ಣದು, ಇನ್ನೂ ಸಣ್ಣದು, ಕಡೀಕ ಇಲ್ಲ. ಬಿಲ್ಲೆಗಳು ಬಂದು ಮುಟ್ಟಿದ್ವು ಅಂತ ಅರ್ಥ. ಗೌಡ್ರಿಗೆ ಏಳು ಚುಕ್ಕಿ ಬಿದ್ವು.

ಆ ಕಾಗದ ಸಾಹೇಬರಿಗೆ ಮುಟ್ಟಿಸಿ ಬಾ ಅಂತ ಗೌಡ್ರ ಮನಿ ಮುದುಕ ಆಳುಮನುಷ್ಯಾಗ ಕೊಟ್ಟು ಕಳಿಸಿದೆ. ಅವ ರುಮಾಲಿನ್ಯಾಗ ಕಟ್ಕೊಂಡು ಹೋದ. ಓದಾಕ ಬರೂದಿಲ್ಲ, ಪಾಪ. ದಾರ್ಯಾಗ ಬಿಚ್ಚಿ ನೋಡ್ಯಾನ. ಕಾಗದ, ಅದರ ಮ್ಯಾಲ ಕೆಂಪಗ ಗುಂಡಗ ಏಳು ಗುರುತು. ಕೆಂಪಗ ಗುಂಡಗ ಇದ್ರ ಅದು ಮೊಹರೇ, ಮೊಹರಿದ್ರ ಅದು ಕಚೇರಿಗೇ. ಸೀದಾ ತಹಶೀಲ್ ಕಚೇರಿಗೆ ಹೋಗಿ ಗುಮಾಸ್ತನ ಮುಂದ ಇಟ್ಟ.

ಗುಮಾಸ್ತ ತನ್ನ ಜಲ್ಮದಾಗ ಒಂದು ಕಾಗದಕ್ಕ ಎರಡರ ಮ್ಯಾಲ ಮೊಹರು ಕಂಡವನಲ್ಲ. ಎದ್ದು ನಿಂತ. "ಎಲ್ಲಿಂದ ಬಂತು?" ಅಂದ.

"ಗೌಡ್ರ ಕಿವಿಯಿಂದ ಬಂತ್ರಿ," ಅಂದ ಮುದುಕ.

ಗೌಡ್ರ ಖಾಸಗಿ ಹುಕುಂ ಇರಬೇಕು ಅಂತ ಗುಮಾಸ್ತ ಅದಕ್ಕೊಂದು ನಂಬರ್ ಹಾಕಿ, ಕೆಂಪು ಬಟ್ಟಿ ಗಂಟಿನ್ಯಾಗ ಕಟ್ಟಿಟ್ಟ. ಆ ಕಾಗದ ವಾಪಸ್ ಕೊಡ್ರಿ ಅಂತ ನಾ ಅರ್ಜಿ ಬರದೆ. ಎಂಟು ದಿನಕ್ಕ ಉರ್ದುವಿನ್ಯಾಗ ಜವಾಬು ಬಂತು: ಕಾಗದ ವಿಚಾರಣ್ಯಾಗ ಅದ, ಮೊಹರು ಒತ್ತಿದ ಅಧಿಕಾರಿ ಖುದ್ದು ಹಾಜರಾಗಬೇಕು.

ಜಿಗಳಿ

ಅಫಜಲಪುರದಾಗ ಗೌಡ್ರ ಬೀಗರೊಬ್ಬರು ಇದ್ರು. ರಕ್ತ ದಪ್ಪ ಆಗ್ಯಾದ, ತಗದ್ರ ಸರಿ ಹೋಗ್ತದ ಅಂತ ಅವರೇ ಠರಾವು ಮಾಡಿ, ಭೀಮಾ ದಂಡಿಯಿಂದ ರಕ್ತ ಹೀರೋ ಜಿಗಳಿ ಹಚ್ಚೋ ಮುದುಕಿಯನ್ನ ಬಂಡ್ಯಾಗ ಕರಕೊಂಡು ಬಂದ್ರು. ಆಕಿ ಸೊಂಟದ ಮ್ಯಾಲ ಗಡಿಗಿ, ಗಡಿಗ್ಯಾಗ ಜಿಗಳಿ. ದೇವರ ಪುಣ್ಯ, ಅವತ್ತು ಸಾಹೇಬರೂ ಬಂದಿದ್ರು.

"ಗೌಡ್ರ ಮೈಗೆ ಮುಟ್ಟಸಬ್ಯಾಡ," ಅಂದ್ರು ಸಾಹೇಬರು. ನಾ ಉಸಿರು ಬಿಟ್ಟೆ. ಅಷ್ಟರಾಗ ತಮ್ಮ ಅಂಗಿ ತೋಳು ಮ್ಯಾಲ ಸರಿಸಿದ್ರು. "ನನಗ ಹಚ್ಚು. ನೋಡೋಣು."

ಜಿಗಳಿ ಹೊಟ್ಟಿ ತುಂಬ ಕುಡದು ತಾನೇ ಉದುರಿ ಬಿತ್ತು. ಆದ್ರ ರಕ್ತ ನಿಲ್ಲವಲ್ದು. ಸಾಹೇಬರು ಬೆಳಕಿಂಡಿ ಕೆಳಗ ಕುಂತು, ಒಂದು ಕೈಯಾಗ ಗಡಿಯಾರ ಹಿಡದು, ಹನಿ ಹನಿ ಬೀಳೋದನ್ನ ಎಣಿಸ್ಕೋತ, "ಸುಭಾನಲ್ಲಾ! ಇದರ ಜೊಲ್ಲಿನ್ಯಾಗ ಏನೋ ಅದ, ಮಿಯಾ. ರಕ್ತ ಹೆಪ್ಪುಗಟ್ಟಾಕೇ ಬಿಡವಲ್ದು. ಇದನ್ನ ಶೀಶೆಯೊಳಗ ಹಿಡದು ಗೌಡ್ರ ಎದಿ ನಾಳಕ್ಕ ಕಳಸೋಕ ಬಂದ್ರ..." ಅಂತ ಕನಸು ಕಾಣಾಕತ್ರು. ಅಂಗಿ ಕೆಂಪಾತು, ಪೈಜಾಮಾ ಕೆಂಪಾತು. ನಾ ಹತ್ತಿ ಹಿಡಕೊಂಡು ಹೋದ್ರ "ತಡೀ, ತಡೀ" ಅಂತಾರ.

ಕಡೀಕ ಆ ಮುದುಕಿಯೇ ಎದ್ದು ಬಂದು, ಅರಿಷಿಣ ಒತ್ತಿ, ಚಿಂದಿ ಸುತ್ತಿ ಬಿಗದು ಕಟ್ಟಿದ್ಳು. "ಸಾಕು ಏಳ್ರಿ ಸಾಹೇಬ್ರ. ಜಿಗಳಿಗೂ ಸಾಕು ಅನ್ನೋದು ತಿಳೀತದ."

ಬೈಯೋ ಕೆಲಸ

ಇಪ್ಪತ್ತು ದಿನ ದಾಟಿದ್ದೇ ದಾಟಿದ್ದು, ಗೌಡ್ರು ಬ್ಯಾರೇ ಮನುಷ್ಯಾ ಆದ್ರು. ಅಂಗಾತ ಮಲಗಿ ಬೆಳಕಿಂಡಿಯೇ ನೋಡೋರು. ಬಿಸಿಲಿನ ಒಂದು ತುಂಡು ಮುಂಜಾನಿ ಕಂಬದ ಮ್ಯಾಲ ಬಿದ್ದು, ಮೆಲ್ಲಗ ನೆಲಕ್ಕಿಳದು, ಸಂಜಿಗೆ ಜ್ವಾಳದ ಚೀಲ ಹತ್ತಿ ಹೋಗ್ತಿತ್ತು. ಅದರಾಗ ಧೂಳು ತೇಲೋದು. "ಕಂಪೌಂಡರ್, ನನ್ನ ಬಿಲ್ಲೆ ಹಿಂಗ ತೇಲತಾವೇನು?" ಅನ್ನೋರು. ಹೌದ್ರಿ ಅಂದ್ರ ಕೂಸಿನ್ಹಂಗ ನಕ್ಕು ಕಣ್ಣು ಮುಚ್ಚೋರು. ಖರೇ ಹೇಳ್ತೇನಿ, ಆ ಮನುಷ್ಯಾನ ಮ್ಯಾಲ ನನಗ ಜೀವ ಬಂದುಬಿಡ್ತು. ಇವರಿಗೇನಾರ ಆದ್ರ ನಾ ಹೆಂಗ ತಡಕೊಳ್ಳಿ ಅನ್ನೋ ಅಂಜಿಕಿ ಶುರು ಆತು.

ಆದ್ರ ಊರು ಕೆಟ್ಟಿತ್ತು. ಗಳೆ ಹೊಡಿಯೋ ಆಳು ಒಂದಿನ ಬಂದು ಬಾಗಲಾಗ ಕೈಮುಗದು ನಿಂತ. "ಯಪ್ಪಾ, ಒಂದೀಟು ಬೈರಿ. ನೀವು ಬೈಯದ ತಿಂಗಳಾಗಾಕ ಬಂತು. ಕೆಲಸಕ್ಕ ಕೈಯೇ ಏಳವಲ್ದು. ಎತ್ತು ಸುದ್ದಾ ಬದುವಿನ ಮ್ಯಾಲ ಮಲಗ್ಯಾವ."

ಗೌಡ್ರು ನನ್ನ ಮಾರಿ ನೋಡಿದ್ರು. ನಾ ಬ್ಯಾಡ ಅಂತ ತಲಿ ಅಲ್ಲಾಡ್ಸಿದೆ. "ಹಂಗಾರ ನನ್ನ ಪರವಾಗಿ ನೀವೇ ಬೈರಿ ಕಂಪೌಂಡರ್," ಅಂದ್ರು.

ಜಲ್ಮದಾಗ ಯಾರಿಗೂ ಬೈದವನಲ್ಲ ನಾನು. ಬಾಗಲಾಗ ನಿಂತು, "ಏನಪಾ, ಹಿಂಗೆಲ್ಲಾ ಮಾಡಬಾರ್ದು," ಅಂದೆ. ಆಳಿನ ಮಾರಿ ಇಳೀತು. ಮಂಚದಿಂದ ಮೆಲ್ಲಗ ದನಿ ಬಂತು: "ಅವರವ್ವನ್ನ ಸೇರಿಸ್ರಿ, ಕಂಪೌಂಡರ್. ಇಲ್ಲಾಂದ್ರ ಅವಗ ತಿಳಿಯಂಗಿಲ್ಲ."

ಕುಂದ್ರಿಸಿದ ದಿನ

ಮೂವತ್ತೊಂದನೇ ದಿನ ಸಾಹೇಬರ ಚೀಟಿ ಬಂತು. ದಿನ ತುಂಬೋ ಮೊದಲೇ ಗುಣ ಕಂಡದ, ಗೌಡ್ರನ್ನ ಕಾಲು ತಾಸು ಗ್ವಾಡಿಗೆ ಆನಿಸಿ ಕುಂದ್ರಿಸ್ರಿ, ತಲಿ ತಿರುಗದಂಗ ಕಣ್ಣು ಮುಚ್ಚಿರಲಿ, ಮಾತಾಡಬಾರ್ದು, ಮೈ ಅಲುಗಿಸಬಾರ್ದು, ನಾಡಿ ಬಿಡಬ್ಯಾಡ್ರಿ.

ಮನ್ಯಾಗ ಹಬ್ಬ ಆದಂಗಾತು. ಮೈ ಒರಿಸಿ, ಬಿಳಿ ಶಾಲು ಹೊದಿಸಿ, ಹಣಿ ತುಂಬ ವಿಭೂತಿ ಹಚ್ಚಿದ್ರು. ಮುಂದ ದೀಪ ಹಚ್ಚಿಟ್ಟು, ಮಠದಿಂದ ಬಂದ ಹೂವಿನ ಹಾರ ಗೌಡಸಾನಿಯೇ ಕೊರಳಿಗೆ ಹಾಕಿ, ಹುಗ್ಗಿ ಮಾಡಾಕ ಒಳಗ ಹೋದ್ರು. ನಾ ಕೈ ಹಿಡದು ನಾಡಿ ಎಣಸಾಕತ್ತಿದ್ದೆ. ಗೌಡ್ರು ಕಣ್ಣು ಮುಚ್ಚಿ, ಕಲ್ಲಿನ್ಹಂಗ ಕುಂತಿದ್ರು. ಎಂಥಾ ಚಂದ ಕಾಣಾಕತ್ತಾರ ಅಂತ ನನಗ ಹೆಮ್ಮಿ. ನಮ್ಮ ಲಿಂಗಾಯತ ಮಂದ್ಯಾಗ ತೀರಿಕೊಂಡವರನ್ನ ಹಿಂಗೇ ಗ್ವಾಡಿಗೆ ಆನಿಸಿ, ಹಿಂಗೇ ವಿಭೂತಿ ಹಚ್ಚಿ, ಹಿಂಗೇ ಹಾರ ಹಾಕಿ ಕುಂದ್ರಸ್ತಾರ ಅನ್ನೋದು ನನ್ನ ತಲ್ಯಾಗ ಒಂದೀಟೂ ಹೊಳೀಲಿಲ್ಲ.

ಅದೇ ಹೊತ್ತಿಗೆ ಗೌಡ್ರ ಅಕ್ಕ ಬಂದ್ಳು. ಜೇವರ್ಗಿ ಕಡಿ ಕೊಟ್ಟಿದ್ರು ಆಕಿನ್ನ. ತನ್ನ ಮಗನಿಗೆ ಗೌಡ್ರು ಹೆಣ್ಣು ಕೊಡಲಿಲ್ಲ ಅಂತ ಒಂಬತ್ತು ವರ್ಷದಿಂದ ತಮ್ಮನ ಕೂಡ ಮಾತು ಬಿಟ್ಟಾಕಿ. ತಮ್ಮಗ ಹುಷಾರಿಲ್ಲ ಅಂತ ಕೇಳಿ, ತಡೀಲಾರದ, ಹೊಳಿ ದಾಟಿ ಎರಡು ದಿನ ಬಂಡ್ಯಾಗ ಕುಂತು ಬಂದಿದ್ಳು. ಬಾಗಲಾಗ ಕಾಲಿಟ್ಟು ತಮ್ಮನ್ನ ನೋಡಿದ್ಳು.

"ನನ್ನ ತಮ್ಮಾ! ನಾ ಬರೋತನಾ ತಡೀಲಿಲ್ಲಲ್ಲೋ!" ಅಂತ ಎದಿ ಎದಿ ಬಡಕೊಂಡು ದನಿ ತಗದ್ಳು.

ನಮ್ಮ ಕಡಿ ಒಬ್ಬಾಕಿ ಅಳಾಕ ದನಿ ತಗದ್ರ ಉಳದವರು ಯಾಕ ಅಂತ ಕೇಳಂಗಿಲ್ಲ, ದನಿ ಕೂಡಸ್ತಾರ. ಪಡಸಾಲ್ಯಾಗ ಕುಂತ ಹೆಣ್ಮಕ್ಕಳೆಲ್ಲಾ ಶುರು ಹಚ್ಕೊಂಡ್ರು. ಈಗಿನ್ನ ಹಾರ ಹಾಕಿ ಹೋದ ಗೌಡಸಾನಿ, ಹುಗ್ಗಿ ಸೌಟು ಹಿಡಕೊಂಡೇ ಓಡಿ ಬಂದು, "ಅಯ್ಯೋ, ಈಗಿನ್ನ ಚಲೋ ಇದ್ರಲ್ಲಾ!" ಅಂತ ಕುಸದು ಅಳಾಕತ್ರು. ನಾ "ಯವ್ವಾ, ಜೀವ ಅದ! ಜೀವ ಅದ!" ಅಂತ ಒದರಿದೆ. ಯಾರ ಕಿವಿಗೂ ಬೀಳಲಿಲ್ಲ. ಗೌಡ್ರು ಕಣ್ಣು ತಗೀವಲ್ರು, ಸಾಹೇಬರ ಹುಕುಂ. ಇಷ್ಟು ದಿನ ಕಾಯ್ದದ್ದು ಈ ಗಾಬ್ರಿಗೆ ಹೋತಲ್ಲಪ್ಪಾ, ಎದಿ ಒಡೀತದ ಈಗ ಅಂತ ನಾಡಿ ಒತ್ತಿ ಹಿಡದೆ.

ನಾಡಿ ನೋಡಿದ್ರ, ತೊಟ್ಟಿಲಾಗಿನ ಕೂಸಿಂದ್ಹಂಗ ತಣ್ಣಗ, ಸಾವಕಾಶ ನಡದಿತ್ತು!

ಅಕ್ಕ ಹಾಡಿ ಹಾಡಿ ಅಳಾಕತ್ತಿದ್ಳು. ಸಣ್ಣಾಂವಿದ್ದಾಗ ಜ್ವರ ಬಂದಾಗ ನನ್ನ ತೊಡಿ ಮ್ಯಾಲ ಮಲಗಿದ್ದೆಲ್ಲೋ ತಮ್ಮಾ. ಗಂಡನ ಮನಿಗೆ ಹೋಗುವಾಗ ನನ್ನ ಬಂಡಿ ಹಿಂದ ಹೊಳಿತನಾ ಓಡಿ ಬಂದಿದ್ದೆಲ್ಲೋ. ಹಸದವರಿಗೆ ಜ್ವಾಳ ಕೊಟ್ಟೆಲ್ಲೋ. ಮಠಕ್ಕ ಮಾಳಗಿ ಹಾಕ್ಸಿದ್ದೆಲ್ಲೋ. ಅಷ್ಟಂದು ಉಸಿರು ತಗೋಳಾಕ ಒಂದು ಗಳಿಗಿ ನಿಂತ್ಳು.

ಗೌಡ್ರು ಕಣ್ಣು ತಗೀದೇನೇ, ಮೆಲ್ಲಗ ಅಂದ್ರು: "ಅಕ್ಕಾ, ಬಾವಿ ಕಟ್ಟಿಸಿದ್ದು ಬಿಟ್ಟಿ ನೋಡು."

ಬಾಗಲಾಗ ಕುಂತ ಬೀಗರು ಬರಿಗಾಲಿಲೇ ಓಣಿ ಮುಟ್ಟಿದ್ರು. ಮೂವತ್ತೊಂದು ದಿನದಾಗ ಆ ಮನಿ ಬಾಗಲು ಮೊದಲ ಸಲ ಖಾಲಿ ಆತು. ಅಕ್ಕ ಒಬ್ಬಾಕಿ ಜಾಗ ಬಿಟ್ಟು ಹಂದಲಿಲ್ಲ. ಸೆರಗಿನಿಂದ ಕಣ್ಣು, ಮೂಗು ಒರಿಸ್ಕೊಂಡು, ತಮ್ಮನ್ನ ಮ್ಯಾಲಿಂದ ಕೆಳಗ ನೋಡಿದ್ಳು.

"ಬದುಕೀದೇನು?" ಅಂದ್ಳು. "ಹಂಗಾರ ನಾ ನಿನ್ನ ಕೂಡ ಮಾತಾಡಂಗಿಲ್ಲ."

ಮಾರಿ ತಿರುವಿ ಗ್ವಾಡಿ ಕಡಿ ಕುಂತ್ಳು. ಆಮ್ಯಾಲ ಸೌಟು ಹಿಡದು ನಿಂತ ಗೌಡಸಾನಿಗೆ ಅಂದ್ಳು: "ಕೇಳಬೇ ಅವನ್ನ, ಉಂಡಾನೇನು ಅಂತ."