ಅಳಿಸುವ ಮುನ್ನ ಒಂದು ಸಾಲು

ಅಂದು ಬೆಳಗ್ಗೆ ಮೆತ್ತಣ್ಣ ತಾನಾಗಿ ಕೈಯೆತ್ತಿ ತೆಗೆದುಕೊಂಡ ಕೆಲಸ ಇಡೀ ಆಫೀಸಿನಲ್ಲೇ ಹಗುರವಾದದ್ದು. ಫಜೀತಿ ಶುರುವಾದದ್ದು ಅಲ್ಲಿಂದಲೇ.

ಯಾರು ಏನು ಹೇಳಿದರೂ "ಆಯ್ತು, ನೋಡೋಣ" ಎನ್ನುವ ಮನುಷ್ಯನಾದ್ದರಿಂದ ಅವನಿಗೆ ಆ ಹೆಸರು ಬಿದ್ದಿತ್ತು. ನಿಜವಾದ ಹೆಸರನ್ನು ಸಂಬಳ ಹಾಕುವವರು ಬಿಟ್ಟರೆ ಬೇರೆ ಯಾರೂ ನೆನಪಿಟ್ಟುಕೊಂಡಿರಲಿಲ್ಲ. ಹೆರಿಗೆಗೆಂದು ತಾಯಿಯ ಮನೆಗೆ ಹೋಗಿದ್ದ ಅವನ ಹೆಂಡತಿ ಅಂದು ಸಂಜೆ ಆರರ ರೈಲಿಗೆ ಕೂಸಿನೊಂದಿಗೆ ಬರುವವಳಿದ್ದಳು. ಕೂಸು ಹುಟ್ಟಿದ ದಿನ ಮೆತ್ತಣ್ಣ ಆಫೀಸಿನಲ್ಲಿ ಕೆಟ್ಟು ನಿಂತ ಯಾವುದೋ ಪ್ರೋಗ್ರಾಮನ್ನು ರಿಪೇರಿ ಮಾಡುತ್ತ ಕೂತಿದ್ದ. ಆಸ್ಪತ್ರೆಗೆ ಹೋಗಿ ಮುಖ ತೋರಿಸಿದ್ದು ಮರುದಿನ. ಹೆಂಡತಿ ಬೈಯಲಿಲ್ಲ, ಅಳಲಿಲ್ಲ. "ಬಂದ್ರಾ?" ಎಂದಳು, ಅಷ್ಟೇ. ಆ ಒಂದು ಮಾತು ಅಂದಿನಿಂದ ಚಪ್ಪಲಿಯೊಳಗೆ ಸೇರಿದ ಕಲ್ಲಿನಂತೆ ಹೆಜ್ಜೆ ಹೆಜ್ಜೆಗೂ ಚುಚ್ಚುತ್ತಿತ್ತು. ಇವತ್ತು ರೈಲಿಗಿಂತ ಮೊದಲು ತಾನು ಪ್ಲಾಟ್‌ಫಾರ್ಮಿನಲ್ಲಿ ಇರಲೇಬೇಕು ಎಂದು ಅವನು ಹಲ್ಲುಜ್ಜುವಾಗಲೇ ತೀರ್ಮಾನಿಸಿದ್ದ.

"ನಾಳೆ ಗಿರಾಕಿಗಳ ಕಡೆಯವರು ನಮ್ಮ ಕೋಡ್ ನೋಡೋಕೆ ಬರ್ತಾರೆ," ಎಂದಿದ್ದರು ಮ್ಯಾನೇಜರು. "ಕ್ವೆರಿ ಬಿಲ್ಡರ್ ಒಳಗಿರೋ ಕಾಮೆಂಟುಗಳನ್ನ ಇವತ್ತೇ ಯಾರಾದ್ರೂ ಚೊಕ್ಕ ಮಾಡಿ. ಮನೆಗೆ ನೆಂಟರು ಬರುವಾಗ ಜಗಲಿ ಮೇಲೆ ಹರಕು ಬಟ್ಟೆ ಒಣಗಬಾರದು."

ಕ್ವೆರಿ ಬಿಲ್ಡರ್ ಎಂದರೆ, ಪರದೆಯ ಮೇಲೆ ಗುಂಡಿ ಒತ್ತುವವರ ಬೇಕುಬೇಡಗಳನ್ನು ಮಾಹಿತಿಯ ಉಗ್ರಾಣಕ್ಕೆ ಅರ್ಥವಾಗುವ ಮಾತಾಗಿ ಹೆಣೆದುಕೊಡುವ ಭಾಗ. ಕಾಮೆಂಟು ಎಂದರೆ, ಅದನ್ನು ಬರೆದವರು ಮುಂದೆ ಬರುವವರಿಗೆಂದು ಕೋಡಿನ ನಡುವೆ ಬಿಟ್ಟುಹೋಗುವ ಟಿಪ್ಪಣಿ. ಕಂಪ್ಯೂಟರು ಅದನ್ನು ಓದುವುದಿಲ್ಲ. ಮನುಷ್ಯರೂ ಓದಿದ್ದನ್ನು ಕಂಡವರಿಲ್ಲ. ಹಾಗಾಗಿ ಅಲ್ಲಿ ಏನು ತಿದ್ದಿದರೂ ಏನೂ ಕೆಡುವುದಿಲ್ಲ, ಮಧ್ಯಾಹ್ನಕ್ಕೆ ಮುಗಿಸಿ ಸ್ಟೇಷನ್ನಿಗೆ ನಡೆದೇ ಹೋಗಬಹುದು ಎಂದು ಮೆತ್ತಣ್ಣನ ಎಣಿಕೆ.

ಒಳಗೆ ಇಳಿದು ನೋಡಿದರೆ ವರ್ಷಗಟ್ಟಲೆ ಬಾಗಿಲು ತೆಗೆಯದ ಅಟ್ಟದ ಹಾಗಿತ್ತು. "ಇದು ತಾತ್ಕಾಲಿಕ" ಎಂದೊಬ್ಬ ಬರೆದಿದ್ದ; ಆ ಪುಣ್ಯಾತ್ಮನ ತಲೆಗೂದಲು ಈಗ ಪೂರ್ತಿ ನೆರೆತಿದೆ. "ಹೇಗೆ ನಡೆಯುತ್ತದೆ ಎಂದು ಕೇಳಬೇಡಿ, ನಡೆಯುತ್ತಿದೆಯಲ್ಲ" ಎಂದು ಇನ್ನೊಬ್ಬ. ಅಕ್ಕಿಯಿಂದ ಕಲ್ಲು ಆರಿಸುವವನಂತೆ ಮೆತ್ತಣ್ಣ ಒಂದೊಂದನ್ನೇ ಆರಿಸಿ ತೆಗೆದ. ಊಟದ ಹೊತ್ತಿಗೆ ಉಳಿದದ್ದು ಒಂದೇ ಒಂದು. ಉಗ್ರಾಣದಿಂದ ಮಾಹಿತಿ ಅಳಿಸುವ ಜಾಗದ ನೆತ್ತಿಯ ಮೇಲೆ ಯಾರೋ ಬರೆದಿದ್ದರು: "ಇಲ್ಲಿ ಕೈಹಾಕಿದವನು ಕೆಟ್ಟ." ಅದನ್ನು ಅಳಿಸಿ ಮೆತ್ತಣ್ಣ ಸಭ್ಯವಾಗಿ ಬರೆದ: "ಯಾವುದನ್ನು ಅಳಿಸಬೇಕೆಂದು ಹೇಳದೆ ಇದನ್ನು ಬಳಸಿದರೆ ಇಡೀ ಪಟ್ಟಿ ಅಳಿಸಿಹೋಗುತ್ತದೆ."

ಆ ಆಫೀಸಿನಲ್ಲೊಂದು ಪದ್ಧತಿ ಇತ್ತು. ಯಾರು ಏನೇ ಬದಲಾಯಿಸಿದರೂ ಇಬ್ಬರು ನೋಡಿ ಒಪ್ಪಬೇಕು. ಪಕ್ಕದ ಮೇಜಿನವನು, ಮಾತುಮಾತಿಗೂ ವಾದಕ್ಕೆ ನಿಲ್ಲುತ್ತಿದ್ದುದರಿಂದ ವಕೀಲ ಎನಿಸಿಕೊಂಡವನು, ಅಂದು ಬೆಳಗ್ಗೆಯಷ್ಟೇ ಸಾವಿರಾರು ಸಾಲಿನ ಹೊಸ ಕೋಡನ್ನು ಮುಂದಿಟ್ಟಿದ್ದ. ಯಾರಿಗೂ ಅರ್ಥವಾಗದ್ದರಿಂದ ಟೀ ಆರುವುದರೊಳಗೆ ಇಬ್ಬರೂ ಒಪ್ಪಿಬಿಟ್ಟಿದ್ದರು. ಆದರೆ ಕಾಮೆಂಟು ಇರುವುದು ಮನುಷ್ಯರ ಮಾತಿನಲ್ಲಿ. ಅರ್ಥವಾದದ್ದನ್ನು ಯಾರು ತಾನೆ ಸುಮ್ಮನೆ ಒಪ್ಪುತ್ತಾರೆ?

"ಮೆತ್ತಣ್ಣಾ," ವಕೀಲ ಕುರ್ಚಿ ಎಳೆದುಕೊಂಡು ಬಂದ. "ಇಡೀ ಪಟ್ಟಿ ಅಂದ್ರೆ ಯಾವ ಪಟ್ಟಿ? ಅಳಿಸಿಹೋದ್ರೆ ಹೊಣೆ ಯಾರದು? ನೀನು ಹೀಗೆ ಬಾಯಿಗೆ ಬಂದಂಗೆ ಬರೆದ್ರೆ ನಾಳೆ ನಮ್ಮನ್ನೇ ಹಿಡ್ಕೊಳ್ತಾರೆ."

"ಆಯ್ತು, ನೋಡೋಣ," ಎಂದು ಮೆತ್ತಣ್ಣ ಎರಡು ಸಾಲು ಸೇರಿಸಿದ.

ತಪ್ಪು ಹುಡುಕುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ಟೆಸ್ಟರ್ ಅಕ್ಕ ಕನ್ನಡಕ ಏರಿಸಿಕೊಂಡು ಬಂದರು. "ಏನಪ್ಪಾ ಇದು, ಓದಿದವರ ಎದೆ ಧಸಕ್ಕನ್ನುತ್ತೆ! ಹೊಸದಾಗಿ ಸೇರಿದ ಮಕ್ಕಳು ಹೆದರಿ ಓಡಿಹೋಗ್ತಾರೆ. ಒಂದು ಸಮಾಧಾನದ ಮಾತು ಹಾಕು."

ಒಂದು ಸಮಾಧಾನದ ಮಾತು ಸೇರಿತು. ಕೋಡಿಗೂ ತನಗೂ ಸಂಬಂಧವೇ ಇಲ್ಲದ ಲೆಕ್ಕದ ಅಜ್ಜ ಕೂಡ ಗದ್ದಲ ಕೇಳಿ ಬಂದು ಇಣುಕಿದರು. "ಎಚ್ಚರಿಕೆ ಅಂದ್ಮೇಲೆ ಜೋರಾಗಿರಬೇಕು ಕಣಯ್ಯಾ. ಇದು ತೊಟ್ಟಿಲು ತೂಗೋ ಹಾಗಿದೆ." ಅಜ್ಜನಿಗಾಗಿ ಜೋರು ಮಾಡಿದರೆ ಅಕ್ಕ ಮುನಿಸಿಕೊಂಡರು. ಅಕ್ಕನಿಗಾಗಿ ಮೆತ್ತಗೆ ಮಾಡಿದರೆ ವಕೀಲ ಹುಬ್ಬು ಗಂಟು ಹಾಕಿದ. ಬಿಸಿಲು ಕಿಟಕಿ ದಾಟಿ ಗೋಡೆಗೆ ಬರುವಷ್ಟರಲ್ಲಿ ಆ ಒಂದು ಸಾಲು ಹೀಗಾಗಿತ್ತು: "ಮಾನ್ಯರೇ, ಗಾಬರಿಯಾಗಬೇಡಿ. ಆದರೆ ಗಾಬರಿಯಾಗಬೇಕಾದ ಸಂಗತಿ ಇದು..." ಅಲ್ಲಿಂದ ಮುಂದೆ ಅದು ಕೆಳಗಿದ್ದ ಕೋಡಿಗಿಂತ ಉದ್ದ ಬೆಳೆದು, ಆಸರೆಯಿಲ್ಲದ ಕುಂಬಳಬಳ್ಳಿಯ ಹಾಗೆ ಪರದೆಯ ತುಂಬ ಹಬ್ಬಿಕೊಂಡಿತ್ತು. ಒಪ್ಪಿಗೆ ಮಾತ್ರ ಒಂದೂ ಬಿದ್ದಿರಲಿಲ್ಲ.

ಮೆತ್ತಣ್ಣ ಗಡಿಯಾರ ನೋಡಿದ. ಆರಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಲ್ಯಾಪ್‌ಟಾಪನ್ನು ಟಪ್ಪೆಂದು ಮುಚ್ಚಿ ಎದ್ದು ನಿಂತ.

"ನನ್ನ ಕೈಲಿ ಆಗಲ್ಲ. ನಾನು ಹೊರಟೆ. ನನ್ನ ಮಗಳು ಬರ್ತಿದ್ದಾಳೆ."

ಮೆತ್ತಣ್ಣನ ಬಾಯಲ್ಲಿ 'ಆಗಲ್ಲ' ಎಂಬ ಮಾತನ್ನು ಗೋಡೆಗಳೂ ಮೊದಲ ಸಲ ಕೇಳಿದ್ದು. ಮೊದಲು ಚೇತರಿಸಿಕೊಂಡವರು ಮ್ಯಾನೇಜರು. "ಮಗು ಬರೋ ದಿನ ಯಾರಯ್ಯ ತಡೀತಾರೆ? ನನ್ನ ಕಾರಲ್ಲೇ ಬಿಡ್ತೀನಿ ಬನ್ನಿ. ದಾರೀಲಿ ಅದೊಂದು ಸಾಲು ಮುಗಿಸಿಬಿಡೋಣ."

ಒಪ್ಪಿಗೆ ಕೊಡಬೇಕಾದವರೆಂದು ವಕೀಲನೂ ಅಕ್ಕನೂ ಹತ್ತಿದರು. ಲೆಕ್ಕದ ಅಜ್ಜ ಯಾಕೆ ಹತ್ತಿದರೋ, ಕೇಳುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಮೆತ್ತಣ್ಣ ಹಿಂದಿನ ಸೀಟಿನ ನಡುವೆ, ಸಂತೆಯಿಂದ ಬರುವ ಮೂಟೆಯಂತೆ ಸಿಕ್ಕಿಕೊಂಡು ಕೂತ. ಸಿಗ್ನಲ್ ಸಿಗ್ನಲಿಗೂ ಕಾರು ನಿಂತಿತು; ವಾದ ಮಾತ್ರ ನಿಲ್ಲಲಿಲ್ಲ. ಸ್ಟೇಷನ್ನಿನ ಮುಂದೆ ಇಳಿಯುವಾಗ ಆರು ದಾಟಿ ಬಹಳ ಹೊತ್ತಾಗಿತ್ತು.

ಮೆತ್ತಣ್ಣ ಓಡಿದ. ಪ್ಲಾಟ್‌ಫಾರ್ಮು ಬೋಳಾಗಿತ್ತು. ಕಸ ಗುಡಿಸುವವಳೊಬ್ಬಳು, ಬೆಂಚಿನ ಕೆಳಗೊಂದು ನಾಯಿ. ಹೆಂಡತಿ ಇಲ್ಲ, ಕೂಸಿಲ್ಲ. ಒಬ್ಬಳೇ, ಕೂಸನ್ನೆತ್ತಿಕೊಂಡು, ಪೆಟ್ಟಿಗೆ ಎಳೆದುಕೊಂಡು ಹೋಗಿರಬೇಕು. ಹೆಂಡತಿಗೆ ಫೋನು ಮಾಡಿದ.

"ತಪ್ಪಾಯ್ತು ಕಣೇ. ಇವತ್ತೂ ತಪ್ಪಾಯ್ತು. ಎಲ್ಲಿದ್ದೀಯಾ? ಮಗಳೆಲ್ಲಿ?"

ಆ ಕಡೆ ಹಳಿಯ ಸದ್ದು. ಅದರ ಮೇಲೆ ನಗು. "ರೈಲಲ್ಲೇ ಇದ್ದೀವಿ ರೀ. ಇದು ಬರೋದೇ ಏಳೂವರೆಗೆ. ನಿಮಗೆ ಆರು ಅಂತ ಹೇಳಿದ್ದೆ. ಏಳೂವರೆ ಅಂದಿದ್ರೆ ನೀವು ಒಂಬತ್ತಕ್ಕೆ ಬರ್ತಿದ್ರಿ." ಆಮೇಲೆ ಮೆಲ್ಲಗೆ, "ಬಂದ್ಬಿಟ್ಟಿದ್ದೀರಾ?" ಎಂದಳು.

ಮೆತ್ತಣ್ಣ ಬೆಂಚಿನ ಮೇಲೆ ಕುಸಿದು, ಅಳಬೇಕೋ ನಗಬೇಕೋ ತಿಳಿಯದೆ ನಾಯಿಯ ತಲೆ ಸವರಿದ.

ಅವನ ಲ್ಯಾಪ್‌ಟಾಪು ಹಿಡಿದುಕೊಂಡು ಉಳಿದ ನಾಲ್ವರೂ ಹಿಂದೆಯೇ ಬಂದು ಬೆಂಚು ಸೇರಿದರು. ಕೊನೆಗೂ ರೈಲು ಬಂತು. ಹೆಂಡತಿ ಇಳಿದು ಕೂಸನ್ನು ಅವನ ತೋಳಿಗೆ ದಾಟಿಸಿದಳು. ಅದು ಒಮ್ಮೆ ಕಣ್ಣು ಬಿಟ್ಟು, ಈ ಹೊಸ ಮನುಷ್ಯನನ್ನು ನೋಡಿ, ಬೈಯುವಷ್ಟು ದೊಡ್ಡ ಸಂಗತಿಯಲ್ಲವೆಂಬಂತೆ ಮತ್ತೆ ನಿದ್ದೆಹೋಯಿತು. ಅಕ್ಕ ಕಣ್ಣೊರೆಸಿಕೊಂಡರು. ಅಜ್ಜ ಟೊಪ್ಪಿ ತೆಗೆದರು. "ಎಂಥ ಮಗು! ಆ ಕಾಮೆಂಟು ಹೆಂಗಿದ್ರೂ ಇರಲಿ, ನಾನು ಒಪ್ಪಿದೆ," ಎಂದು ವಕೀಲ ಬೆಂಚಿನ ಮೇಲಿದ್ದ ಲ್ಯಾಪ್‌ಟಾಪ್ ತೆರೆದು ಗುಂಡಿ ಒತ್ತಿದ. "ನಂದೂ ಒಪ್ಪಿಗೆ," ಎಂದು ಅಕ್ಕ ಕೈ ನೀಡಿದರು.

ಅಷ್ಟರಲ್ಲಿ ಹೆಂಡತಿ ಬಗ್ಗಿ ಪರದೆಯನ್ನು ಓದಿದಳು.

"ಒಂದ್ನಿಮಿಷ. ಇಷ್ಟೊಂದು ಅಪಾಯ ಇದ್ರೆ ಎಚ್ಚರಿಕೆ ಯಾಕೆ ಬರೀತಾ ಕೂತಿದ್ದೀರಿ? ಏನು ಅಳಿಸ್ಬೇಕು ಅಂತ ಹೇಳದೆ ಹೋದ್ರೆ ಅದು ಅಳಿಸಲೇಬಾರದು, ಹಾಗೆ ಮಾಡಿ. ಮಗು ಮೆಟ್ಟಿಲಿಂದ ಬೀಳುತ್ತೆ ಅಂತ ಅಲ್ಲಿ ಬೋರ್ಡ್ ಹಾಕ್ತೀವಾ? ಅಡ್ಡಕ್ಕೊಂದು ಬಾಗಿಲು ಹಾಕ್ತೀವಿ."

ಅಕ್ಕನ ಬೆರಳು ಗಾಳಿಯಲ್ಲೇ ನಿಂತಿತು. ಮ್ಯಾನೇಜರು ಚಪ್ಪಾಳೆ ತಟ್ಟಿದರು. "ಅದೇ! ಕಾಮೆಂಟು ತೆಗೀರಿ, ಕೋಡನ್ನೇ ಬದಲಾಯಿಸಿ. ಮೆತ್ತಣ್ಣಾ, ನೆಂಟರು ಬರೋದು ಬೆಳಗ್ಗೆ. ಇಲ್ಲೇ ಕೂತು ಮಾಡಿಬಿಡಿ, ನಾವೆಲ್ಲ ಇದ್ದೀವಲ್ಲ."

ಹೆಂಡತಿ ನಾಲಿಗೆ ಕಚ್ಚಿಕೊಂಡಳು. "ನಾನು ಬಾಯಿ ಮುಚ್ಕೊಂಡಿರಬೇಕಿತ್ತು ಅಲ್ವಾ ರೀ? ಕೊಡಿ, ಮಗೂನ ಕೊಡಿ."

"ಬೇಡ," ಎಂದ ಮೆತ್ತಣ್ಣ. "ಇವಳು ಇಲ್ಲೇ ಇರಲಿ."

ಕೂಸನ್ನು ಎಡಹೆಗಲಿಗೆ ಆನಿಸಿಕೊಂಡು, ಬಲಗೈಯ ಒಂದೇ ಬೆರಳಿನಲ್ಲಿ, ಗುಬ್ಬಿ ಕಾಳು ಹೆಕ್ಕುವಂತೆ ಒಂದೊಂದೇ ಅಕ್ಷರ ಕುಟ್ಟಿದ. ಹೆಂಡತಿ ಅವನ ಭುಜಕ್ಕೊರಗಿ ತೂಕಡಿಸಿದಳು. ಕೆಲಸ ಮುಗಿಯಿತು, ಒಂದು ಸಲವಲ್ಲ, ಎರಡು ಸಲ ಓಡಿಸಿ ನೋಡಿದ. ಸರಿಯಾಗಿತ್ತು. ಏನೂ ಅಳಿಯಲಿಲ್ಲ.

"ಭೇಷ್," ಎಂದ ವಕೀಲ. ಆಮೇಲೆ ಗಲ್ಲ ಕೆರೆದುಕೊಂಡ. "ಆದ್ರೆ ಮೆತ್ತಣ್ಣಾ, ಈ ಬಾಗಿಲು ಯಾಕೆ ಹಾಕಿದ್ದು ಅಂತ ಮುಂದೆ ಬರೋರಿಗೆ ಗೊತ್ತಾಗ್ಬೇಡ್ವಾ? ಮೇಲೊಂದು ಸಾಲು ಕಾಮೆಂಟು..."

"ಸಮಾಧಾನವಾಗಿರಲಿ," ಎಂದರು ಅಕ್ಕ, ಬೆಂಚಿನ ಮೇಲೆ ಮತ್ತೆ ಕೂರುತ್ತ.

"ಜೋರಾಗಿರಲಿ," ಎಂದರು ಅಜ್ಜ.